ಇಲ್ಲೇ ತಿನ್ನುತ್ತೀರಾ?

ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ
ನನ್ನ ಕೆಲಸ ಒಂದೇ ಪ್ರಶ್ನೆ ಕೇಳುವುದು:
ಇಲ್ಲೇ ತಿನ್ನುತ್ತೀರಾ, ಒಯ್ಯುತ್ತೀರಾ?

ಒಯ್ದರೆ ತೆರಿಗೆ ಎಂಟು.
ಕಿಟಕಿ ಪಕ್ಕ ಮೂರು ಕುರ್ಚಿ ಇವೆಯಲ್ಲ,
ಅಲ್ಲಿ ಕೂತರೆ ಹತ್ತು.
ಅಕ್ಟೋಬರ್ ಒಂದರಿಂದ ಹೀಗೆ.
ನೂರಿಪ್ಪತ್ತರ ಅನ್ನದುಂಡೆ
ಹೊರಟವರಿಗೆ ನೂರ ಇಪ್ಪತ್ತೊಂಬತ್ತು ಯೆನ್,
ಕೂತವರಿಗೆ ನೂರ ಮೂವತ್ತೆರಡು.
ಒಳಗಿನ ಉಪ್ಪುಹಣ್ಣು ಅದೇ,
ಮೇಲೆ ಸುತ್ತಿದ ಕಡಲಪಾಚಿ ಅದೇ.

ಅಮ್ಮ ಹುಟ್ಟಿದಾಗ ಈ ತೆರಿಗೆಯೇ ಇರಲಿಲ್ಲ.
ನಾನು ಹುಟ್ಟುವಾಗ ಅದಕ್ಕೆ ಹನ್ನೊಂದು ವರ್ಷ, ಎತ್ತರ ಐದು.
ಎಂಟನೇ ಕ್ಲಾಸಿನಲ್ಲಿದ್ದೆ, ಎಂಟಾಯಿತು.
ಕಾಲೇಜಿಗೆಂದು ಹಿರೊಸಾಕಿಗೆ ಬಂದೆ, ಹತ್ತು.
ಮನೆಯ ಕಂಬದ ಮೇಲೆ ಅಮ್ಮ ಗೀರಿದ ಗೆರೆ
ನೂರ ಐವತ್ತಾರಕ್ಕೇ ನಿಂತುಬಿಟ್ಟಿದೆ.
ಈ ಅಣ್ಣ ಮಾತ್ರ ಇನ್ನೂ ಬೆಳೆಯುತ್ತಿದ್ದಾನೆ,
ಅವನಿಗೆ ಪ್ಯಾಂಟು ಹೊಲಿಸುವವರು ನಾವು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ನನ್ನ ಕೋಣೆ ನಾಲ್ಕೂವರೆ ಚಾಪೆ,
ಚಾಚಿದರೆ ಪಾದ ಬಾಗಿಲಿಗೆ ತಾಗುತ್ತದೆ.
ಅಮ್ಮ ಕೊಟ್ಟ ಲೆಕ್ಕದ ಪುಸ್ತಕದಲ್ಲಿ
ಊಟ, ಬಾಡಿಗೆ, ಓದು, ಇತರೆ ಎಂದು ನಾಲ್ಕು ಕಲಮು;
'ಇತರೆ'ಯ ಮೇಲೆ ಬಿಳಿ ಬಣ್ಣ ಹಚ್ಚಿದ್ದೇನೆ.

ಮಿಫುಯು ಅರ್ಥಶಾಸ್ತ್ರದವಳು,
ರಶೀದಿಗಳನ್ನು ಪದ್ಯದ ಹಾಗೆ ಓದುತ್ತಾಳೆ:
"ನೋಡೇ, ಮನೆಗೆ ಬರುವ ದಿನಪತ್ರಿಕೆಗೆ ಎಂಟು,
ಯಾಕೆಂದರೆ ಅದಿಲ್ಲದೆ ಬದುಕುವುದಕ್ಕಾಗದು.
ತಿಂಗಳು ತಿಂಗಳು ನಮಗೆ ಬೇಕಾಗುವ ಪ್ಯಾಡಿಗೆ ಹತ್ತು.
ಮುಂದಿನ ಸಲ ಪೇಪರನ್ನೇ ಮಡಿಚಿಟ್ಟುಕೊಳ್ಳೋಣ."
ನಕ್ಕೆವು. ಆಮೇಲೆ ಅವಳು
ನನ್ನ ಪಠ್ಯಪುಸ್ತಕದ ಮೂರನೇ ಅಧ್ಯಾಯವನ್ನು
ಮೊಬೈಲಿನಲ್ಲಿ ಪುಟಪುಟವಾಗಿ ಹಿಡಿದುಕೊಂಡು ಹೋದಳು.

ಒಂದೂವರೆಗೆ ಸೋಮಾ ಅಜ್ಜ ಬರುತ್ತಾನೆ.
ನಲವತ್ತು ವರ್ಷ ಸೇಬಿನ ಪೆಟ್ಟಿಗೆಗೆ ಮೊಳೆ ಹೊಡೆದ ಬೆರಳು
ಚಿಲ್ಲರೆಯನ್ನೂ ಮೊಳೆಯಂತೆಯೇ ಹಿಡಿಯುತ್ತದೆ.
"ಒಯ್ಯುತ್ತೇನೆ" ಅನ್ನುತ್ತಾನೆ.
ಬಾಗಿಲವರೆಗೆ ನಡೆಯುತ್ತಾನೆ.
ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ,
ಒಂದು ಹಿಡಿ ಹಿಮ ಒಳಗೆ ಬಂದು ನೆಲದಲ್ಲಿ ಕರಗುತ್ತದೆ,
ಬಾಗಿಲು ಮುಚ್ಚಿಕೊಳ್ಳುತ್ತದೆ.
ಹೋದಂತಾಯಿತು.
ಅಜ್ಜ ತಿರುಗಿ ಬಂದು ಮೂಲೆಯ ಕುರ್ಚಿಯಲ್ಲಿ ಕೂರುತ್ತಾನೆ.
ಮನೆಯ ಒಲೆಗೆ ಸೀಮೆಎಣ್ಣೆ ಬೇಕು,
ಇಲ್ಲಿ ಬಿಸಿಗಾಳಿ ಪುಕ್ಕಟೆ.
ನೋಡಿಯೂ ನೋಡದಂತಿರು ಎಂದಿದ್ದಾನೆ ಮ್ಯಾನೇಜರ್;
ನಾನು ಮೊಸರಿನ ಡಬ್ಬಿಗಳ ಮುಖ ಮುಂದಕ್ಕೆ ತಿರುಗಿಸುತ್ತಿರುತ್ತೇನೆ.

ನನಗೆ ಆ ಧೈರ್ಯವಿಲ್ಲ.
ನನ್ನ ಬಿಡುವಿನ ಹದಿನೈದು ನಿಮಿಷ
ಸೈಕಲ್ ಶೆಡ್ಡಿನ ಕೆಳಗೆ, ನಿಂತುಕೊಂಡು,
ಕೈಗವಸಿನಲ್ಲೇ ಅನ್ನದುಂಡೆ.
ಒಂದು ರಾತ್ರಿಗೆ ಮೂರು ಯೆನ್ ಉಳಿತಾಯ.
ಒಂದು ಯೆನ್ನಿನ ಬಿಲ್ಲೆ ಎಷ್ಟು ಹಗುರವೆಂದರೆ
ಬಟ್ಟಲ ನೀರಿನಲ್ಲಿ ಮೆಲ್ಲಗಿಟ್ಟರೆ ತೇಲುತ್ತದೆ.
ಆದರೂ ಲೆಕ್ಕದಲ್ಲಿ ಮುಳುಗುತ್ತದೆ.

ಫೆಬ್ರವರಿ. ಪರೀಕ್ಷೆ ಮುಗಿದ ರಾತ್ರಿ.
ಶೆಡ್ಡಿನ ತಗಡು ಹಿಮದ ಭಾರಕ್ಕೆ ಕುಸಿದಿತ್ತು.
ಗಲ್ಲೆಯಲ್ಲಿ ಹೊಸ ಹುಡುಗ, ಕೆಲಸದ ಎರಡನೇ ದಿನ,
ನನ್ನ ಸಮವಸ್ತ್ರ ಕಂಡೂ
ನಾನೇ ಕಲಿಸಿದ ಸ್ವರದಲ್ಲಿ, ತಲೆಬಾಗಿ, ಕೇಳಿದ:
"ಇಲ್ಲೇ ತಿನ್ನುತ್ತೀರಾ, ಒಯ್ಯುತ್ತೀರಾ?"

ಸಾವಿರ ಸಲ ಕೇಳಿದ್ದೇನೆ.
ನನ್ನನ್ನು ಯಾರೂ ಕೇಳಿರಲಿಲ್ಲ.
"ಇಲ್ಲೇ," ಅಂದೆ.

ನನ್ನನ್ನು ಕಂಡು ಸೋಮಾ ಅಜ್ಜ ಅರ್ಧ ಎದ್ದ,
ಸಿಕ್ಕಿಬಿದ್ದೆ ಎಂಬಂತೆ ಟೋಪಿಗೆ ಕೈಹಾಕಿದ.
ಪಕ್ಕದ ಕುರ್ಚಿ ಎಳೆದುಕೊಂಡು ಕೂತೆ.
ಅವನೂ ಕೂತ, ನಿಧಾನ, ಮೊದಲು ಒಂದು ಕಡೆ,
ಆಮೇಲೆ ಪೂರ್ತಿ.
ಮಾತಾಡಲಿಲ್ಲ. ಪಾಚಿ ಕರಕರ ಅಂದಿತು.
ಹೊರಗೆ ಹಿಮ ಬಾಚುವ ಗಾಡಿ
ಹಳದಿ ದೀಪ ತಿರುಗಿಸುತ್ತಾ ಹೋಯಿತು.
ನನ್ನ ಮೊಣಕಾಲುಗಳಿಗೆ
ಹೇಗಿರಬೇಕೆಂದು ಗೊತ್ತಾಗಲಿಲ್ಲ ಸ್ವಲ್ಪ ಹೊತ್ತು.

ಬೆಳಿಗ್ಗೆ ಲೆಕ್ಕ ಬರೆದೆ.
ಅನ್ನದುಂಡೆ ನೂರ ಇಪ್ಪತ್ತೊಂಬತ್ತು, ಊಟದ ಕಲಮಿಗೆ.
ಕುರ್ಚಿ, ಮೂರು.
ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ
ಅದನ್ನು ಬಾಡಿಗೆಗೆ ಸೇರಿಸಿದೆ.